ಧಾರಾಳವಾಗಿ ಹಾಕಿದ ಡಾಂಬರು

ತನಗೆ ರಿಪೇರಿ ಬರುತ್ತದೆ ಎಂಬ ಭ್ರಮೆ ಒಬ್ಬೊಬ್ಬ ಗಂಡಸಿಗೆ ಒಂದೊಂದು ವಯಸ್ಸಿನಲ್ಲಿ ಹಿಡಿಯುತ್ತದೆ. ನನಗೆ ಹಿಡಿದದ್ದು, ಅಡುಗೆಮನೆಯ ಟ್ಯೂಬ್‌ಲೈಟಿನ ಸ್ಟಾರ್ಟರನ್ನು ಸುಮ್ಮನೆ ಒಂದು ಸುತ್ತು ತಿರುಗಿಸಿದಾಗ ಅದು ಫಕ್ಕನೆ ಹೊತ್ತಿಕೊಂಡ ದಿನ. ನನ್ನ ಹೆಂಡತಿ ಸರೋಜ "ಪರವಾಗಿಲ್ವೇ!" ಅಂದುಬಿಟ್ಟಳು. ಮದುವೆಯಾದಾಗಿನಿಂದ ನಾನು ಕಾಯುತ್ತಿದ್ದ ಮಾತು ಅದು. ಅದೇ ಹುರುಪಿನಲ್ಲಿ ಮಿಕ್ಸಿ ಬಿಚ್ಚಿದೆ. ಅದು ಈಗಲೂ ಬಿಚ್ಚಿಕೊಂಡೇ ಇದೆ. ಗೀಸರಿಗೆ ಕೈ ಹಾಕುವಷ್ಟರಲ್ಲಿ ಸರೋಜ ಅಡ್ಡ ನಿಂತಳು. ಇನ್ನು ಉಳಿದದ್ದು ಕೆಳಗೆ ಗ್ಯಾರೇಜಿನಲ್ಲಿ ಧೂಳು ಹೊದ್ದು ನಿಂತಿದ್ದ ಅಪ್ಪನ ಕಾರು ಒಂದೇ.

ಹೊಸ ತಿಪ್ಪಸಂದ್ರದ ನಮ್ಮ ಮನೆ ಅಪ್ಪ ಕಟ್ಟಿಸಿದ್ದು. ಅವರನ್ನು ಜಿಪುಣ ಎಂದರೆ ಅವರ ಆತ್ಮ ನೊಂದುಕೊಳ್ಳುತ್ತದೆ. ಲೆಕ್ಕಾಚಾರದ ಮನುಷ್ಯ ಅನ್ನೋಣ. ಕಾರಿನ ಎತ್ತರ ಅಳೆದು, ಅದರ ಮೇಲೆ ಒಂದೇ ಗೇಣು ಬಿಟ್ಟು ಗ್ಯಾರೇಜಿನ ಬಾಗಿಲಿಗೆ ತೊಲೆ ಹಾಕಿಸಿದ್ದರು. "ಕಾರೇನು ಬೆಳೆಯುತ್ತೇನಯ್ಯಾ?" ಎಂದು ಮೇಸ್ತ್ರಿಯನ್ನೇ ಗದರಿಸಿದ್ದರಂತೆ. ಕಾರು ಬೆಳೆಯಲಿಲ್ಲ, ಸರಿ. ಆದರೆ ರಸ್ತೆ ಬೆಳೆಯಿತು. ಹಳೆಯ ಡಾಂಬರಿನ ಮೇಲೇ ಹೊಸ ಡಾಂಬರು ಬೀಳುತ್ತಾ ಬೀಳುತ್ತಾ ನಮ್ಮ ಗ್ಯಾರೇಜಿನ ನೆಲ ರಸ್ತೆಗಿಂತ ಅರ್ಧ ಗೇಣು ಕೆಳಗೆ ಹೋಗಿತ್ತು. ನಾನು ಅದನ್ನು ಗಮನಿಸಲೇ ಇಲ್ಲ. ನನ್ನ ಗಮನವೆಲ್ಲ ಎಂಜಿನ್ನಿನ ಮೇಲಿತ್ತು.

ಸರೋಜಳ ಗಮನ ಮಾತ್ರ ಗ್ಯಾರೇಜಿನ ಮೇಲಿತ್ತು. ಅವಳು ಬ್ಲೌಸ್ ಹೊಲಿಯುತ್ತಾಳೆ. ಎಷ್ಟು ಚೆನ್ನಾಗಿ ಎಂದರೆ ಕೆ.ಆರ್. ಪುರದಿಂದೆಲ್ಲ ಹುಡುಕಿಕೊಂಡು ಬರುತ್ತಾರೆ. ಹೊಲಿಗೆ ಮಷೀನು ಇದ್ದದ್ದು ನಡುಮನೆಯಲ್ಲಿ. ಹಾಗಾಗಿ ನಾನು ಸೋಫಾದ ಮೇಲೆ ಕೂತರೆ ಗುಂಡುಪಿನ್ನು ಚುಚ್ಚುತ್ತಿತ್ತು, ಗಿರಾಕಿ ಬಂದರೆ ಬನಿಯನ್ನಿನಲ್ಲೇ ಅಡುಗೆಮನೆಗೆ ಓಡಬೇಕಾಗುತ್ತಿತ್ತು. "ರೀ, ಆ ಕಾರಿಗಿರೋ ಜಾಗ ಈ ಮನೇಲಿ ನನಗಿಲ್ಲ" ಎಂದಳು ಒಂದು ದಿನ. ಜಗಳದ ದನಿಯಲ್ಲಲ್ಲ; ಹಲ್ಲಿನಲ್ಲಿ ದಾರ ಕಡಿಯುತ್ತಾ, ಮೆಲ್ಲಗೆ. ನನಗೆ ಭಯವಾದದ್ದೇ ಅದಕ್ಕೆ. ಕೊನೆಗೆ ಒಂದು ಒಪ್ಪಂದವಾಯಿತು. ಆಯುಧಪೂಜೆಯ ದಿನ ಕಾರು ತಾನಾಗಿ ನಿಂಬೆಹಣ್ಣು ತುಳಿದು ಹೊರಗೆ ಬಂದು ನಮ್ಮಿಬ್ಬರನ್ನೂ ಹಲಸೂರಿನ ದೇವಸ್ಥಾನಕ್ಕೆ ಕರೆದೊಯ್ದರೆ ಗ್ಯಾರೇಜು ಕಾರಿಗೆ. ಇಲ್ಲದಿದ್ದರೆ ಮಾರನೆಯ ದಿನ, ವಿಜಯದಶಮಿಗೆ, ಕಾರು ಗುಜರಿಗೆ, ಗ್ಯಾರೇಜು ಸರೋಜಳ ಅಂಗಡಿಗೆ.

ಶಿವಾಜಿನಗರದಲ್ಲಿ ಹಳೆಯ ಗಾಡಿಗಳ ಬಿಡಿಭಾಗ ಮಾರುವ ಅನ್ವರ್ ಭಾಯ್ ನನ್ನ ಕೈಹಿಡಿದರು. ಬೆಂಗಳೂರಿನಲ್ಲಿ ತನ್ನಂಥ ಮೆಕ್ಯಾನಿಕ್ ಇನ್ನೊಬ್ಬನಿಲ್ಲ ಎಂದು ಅವರೇ ಎಲ್ಲರಿಗೂ ಹೇಳುತ್ತಾರೆ. ಬಾನೆಟ್ ಎತ್ತಿ ನೋಡಿ, "ಅರೆ ಸಾರ್, ಇಲ್ಲಿ ಇಲಿ ಫ್ಯಾಮಿಲಿ ಸಮೇತ ಬಾಡಿಗೆಗಿದೆ" ಎಂದರು. ನಾನು ಸ್ಪ್ಯಾನರ್ ಎತ್ತಿಕೊಂಡೆ. "ನೀವು ಏನೂ ಮುಟ್ಬೇಡಿ ಸಾರ್. ಟಾರ್ಚ್ ಹಿಡ್ಕೊಳ್ಳಿ, ಸಾಕು." ಭಾನುವಾರಗಳೆಲ್ಲ ಹೀಗೇ ಕಳೆದವು. ಕಾರನ್ನು ನಾನೇ ರಿಪೇರಿ ಮಾಡಿದೆ ಎಂದು ಆಫೀಸಿನಲ್ಲಿ ಹೇಳಿಕೊಳ್ಳುವಾಗ ಈ ಟಾರ್ಚಿನ ವಿಷಯ ಬಿಟ್ಟುಬಿಡುತ್ತೇನೆ. ಬಾನೆಟ್ ಉಜ್ಜಿದ್ದು ಮಾತ್ರ ಪೂರ್ತಿ ನಾನೇ. ಅದರಲ್ಲಿ ಮುಖ ನೋಡಿಕೊಂಡು ಗಡ್ಡ ಕೆರೆದುಕೊಳ್ಳಬಹುದಾಗಿತ್ತು. ಹಬ್ಬಕ್ಕೆ ಇನ್ನೂ ದಿನಗಳಿರುವಾಗಲೇ ಎಂಜಿನ್ ಗುಡುಗಿತು. ಎದುರು ಮನೆಯವರು ಒಣಗಹಾಕಿದ್ದ ಬಿಳಿ ಪಂಚೆ ಬೂದು ಬಣ್ಣಕ್ಕೆ ತಿರುಗಿತು. ನನಗಂತೂ ಹಿಡಿಸಲಾರದಷ್ಟು ಸಂತೋಷ.

ಇಂಥ ಕಾರು ಆ ಗುಂಡಿಬಿದ್ದ ರಸ್ತೆಗೆ ಇಳಿಯುವುದೇ? ರಸ್ತೆ ಹಾಕಿಸಿ ಎಂದು ನಾನು ಕಂಡಕಂಡವರ ಕಾಲು ಹಿಡಿದೆ, ಸಿಕ್ಕಸಿಕ್ಕವರಿಗೆ ಫೋನ್ ಮಾಡಿದೆ. ನನ್ನ ಕಾಟ ತಾಳಲಾರದೆ ಹಬ್ಬದ ಹಿಂದಿನ ವಾರ ಡಾಂಬರಿನ ಲಾರಿ ಬಂದೇಬಿಟ್ಟಿತು. ನಾನು ಕೆಲಸದವರಿಗೆಲ್ಲ ಕಾಫಿ, ಬಿಸಿ ವಡೆ ಕೊಡಿಸಿದೆ. ಅವರ ಮೇಸ್ತ್ರಿ ವಡೆ ಅಗಿಯುತ್ತಾ, "ಗ್ಯಾರೇಜ್ ಮುಂದೆ ತೆಳ್ಳಗೆ ಎಳೀಲಾ ಸಾರ್?" ಎಂದ. ನನಗೆ ಅವಮಾನವಾಯಿತು. ಇಷ್ಟು ಓಡಾಡಿ ರಸ್ತೆ ತಂದವನ ಮನೆ ಮುಂದೆಯೇ ತೆಳ್ಳಗೆ? "ನಮ್ಮನೆ ಮುಂದೆ ಸ್ವಲ್ಪ ಧಾರಾಳವಾಗೇ ಹಾಕಪ್ಪಾ" ಎಂದೆ. ವಡೆಯ ಋಣ, ಅವನು ಧಾರಾಳವಾಗಿಯೇ ಹಾಕಿದ.

ಆಯುಧಪೂಜೆಯ ದಿನ ಸರೋಜ ರೇಷ್ಮೆ ಸೀರೆಯುಟ್ಟು, ಮಲ್ಲಿಗೆ ಮುಡಿದು ಹಿಂದಿನ ಸೀಟಿನಲ್ಲಿ ಕೂತಳು. ಕುಂಬಳಕಾಯಿ ಒಡೆದದ್ದಾಯಿತು. ಅನ್ವರ್ ಭಾಯ್ ಷಟರ್ ಎತ್ತಿದರು. ನಾನು ಗೇರ್ ಹಾಕಿದೆ. ಮುಂದಿನ ಚಕ್ರಗಳು ನಿಂಬೆಹಣ್ಣನ್ನು ಅಪ್ಪಚ್ಚಿ ಮಾಡಿ, ಡಾಂಬರಿನ ಗೋಡೆಗೆ ಢಿಕ್ಕಿ ಹೊಡೆದು ನಿಂತುಬಿಟ್ಟವು. ಹಲಗೆ ಇಟ್ಟು ಹತ್ತಿಸಿದೆವು. ಕಾರಿನ ನೆತ್ತಿ ಅಪ್ಪನ ತೊಲೆಗೆ ಬಡಿಯಿತು. ಟಯರಿನ ಗಾಳಿ ಬಿಟ್ಟೆವು, ಮತ್ತೆ ಬಡಿಯಿತು. ಅನ್ವರ್ ಭಾಯ್ ಹಣೆ ಒರೆಸಿಕೊಂಡು, "ಈ ರೋಡು ಯಾವನು ಸಾರ್ ಹಾಕ್ಸಿದ್ದು?" ಎಂದರು. ಸರೋಜ ಕಿಟಕಿಯಿಂದ ಕೈ ಹೊರಗೆ ಹಾಕಿ ನನ್ನ ಕಡೆ ಬೆರಳು ತೋರಿಸಿದಳು. ನಗಬೇಕೆಂದುಕೊಂಡೆ, ಅಳು ಬಂತು. ನಿಜವಾಗಿ ಬಂತು.

ಮಾರನೆಯ ದಿನ ಗುಜರಿಯವನು ಬಂದ. ತೊಲೆ ನೋಡಿದ, ರಸ್ತೆ ನೋಡಿದ, "ಇದು ಬರಲ್ಲ ಬಿಡಿ, ಇಲ್ಲೇ ಕತ್ತರಿಸಿದ್ರೆ ಕೂಲಿಯೂ ಹುಟ್ಟಲ್ಲ" ಎಂದು ಹೊರಟುಹೋದ. ನಾನು ಸೋತರೂ ಕಾರು ಉಳಿಯಿತಲ್ಲ ಎಂದು ಒಳಗೊಳಗೇ ಹಿಗ್ಗಿದೆ. ಸರೋಜ ಸ್ವಲ್ಪ ಹೊತ್ತು ಕಾರನ್ನೇ ನೋಡಿದಳು. ಆಮೇಲೆ ಒಂದು ಬ್ಲೌಸ್ ಪೀಸು ತಂದು ಬಾನೆಟ್ಟಿನ ಮೇಲೆ ಹರಡಿ, ಕೈಯಿಂದ ಸವರಿ, "ಕಟಿಂಗ್‌ಗೆ ಸರಿಯಾದ ಎತ್ತರ ಕಣ್ರೀ. ನುಣ್ಣಗೂ ಇದೆ" ಎಂದಳು. ಸಂಜೆಗೆ ಮಷೀನು ಕೆಳಗಿಳಿಯಿತು. ಈಗ ಗಿರಾಕಿಗಳು ಹಿಂದಿನ ಸೀಟಿನಲ್ಲಿ ಕೂತು ಕಾಯುತ್ತಾರೆ. ಸ್ಟಿಯರಿಂಗಿಗೆ ಅಳತೆಯ ಟೇಪು ನೇತುಬಿದ್ದಿದೆ. ಡಿಕ್ಕಿಯ ತುಂಬ ಲೈನಿಂಗ್ ಬಟ್ಟೆ. ಹಾರ್ನ್ ಒಂದು ಸಲ ಹೊಡೆದರೆ ನಾನು ಕೆಳಗೆ ಟೀ ತರಬೇಕು, ಎರಡು ಸಲ ಹೊಡೆದರೆ ಹೊಲಿದ ಬಟ್ಟೆ ಗಿರಾಕಿಯ ಮನೆಗೆ ಮುಟ್ಟಿಸಬೇಕು.

ಇಗೋ, ಎರಡು ಸಲ ಹೊಡೆದಳು. ಕೆ.ಆರ್. ಪುರಕ್ಕೆ ಹೋಗಬೇಕು. ಬಸ್ ಸ್ಟಾಪಿನಲ್ಲಿ ಎದುರು ಮನೆಯವರು ಸಿಗುತ್ತಾರೆ, "ಕಾರು ರೆಡಿ ಆಯ್ತಾ ಸಾರ್?" ಎಂದು ಕೇಳದೆ ಬಿಡುವುದಿಲ್ಲ. "ಆಯ್ತು ಸಾರ್, ಕಂಡೀಷನ್ ಫಸ್ಟ್ ಕ್ಲಾಸ್" ಎಂದು ಹೇಳಿ, ಬ್ಲೌಸಿನ ಚೀಲವನ್ನು ಎದೆಗವಚಿಕೊಂಡು ಬಸ್ಸು ಹತ್ತುತ್ತೇನೆ.