ಗುರುಮಲ್ಲಪ್ಪನ ಒಲೆಗೆ ಬಂದ ನೂಡಲ್ಸು

ಊಟದ ಹೊತ್ತಿಗೆ ಸರಿಯಾಗಿ ತಾಳವಾಡಿ ಬಸ್ ನಿಲ್ದಾಣಕ್ಕೆ ಒಂದು ವ್ಯಾನು ಬಂದು ನಿಂತಿತು. ಯಾವುದೋ ದೇಶದ ಕಂಪನಿ, ಎಂಬತ್ತರ ದಶಕದಲ್ಲಿ ನಮ್ಮ ನಾಲಿಗೆಯನ್ನು ತಿದ್ದಲು ಹೊರಟಿತ್ತು. ಮದರಾಸಿನಿಂದ ಬಂದ ಅದರ ಏಜೆಂಟು ಸ್ಟವ್ ಹೊತ್ತಿಸಿ, ನೂಡಲ್ಸ್ ಬೇಯಿಸಿ ಬಿಟ್ಟಿ ಹಂಚತೊಡಗಿದ. ಬಿಟ್ಟಿ ಅಂದರೆ ಕೇಳಬೇಕೆ? ಎದುರಿನ ಮುದ್ದೆ ಹೋಟೆಲಿನ ಬೆಂಚುಗಳು ಖಾಲಿಯಾದವು.

ಹೋಟೆಲಿನ ಗುರುಮಲ್ಲಪ್ಪನಿಗೆ ಮೈಯೆಲ್ಲ ಉರಿದುಹೋಯಿತು. ಉರಿಯದೆ ಇನ್ನೇನು? ಮುದ್ದೆ ಬಿಟ್ಟರೆ ಅವನಿಗೆ ಬೇರೆ ಬದುಕಿಲ್ಲ. ಹೊಗೆ ಕುಡಿದು ತೊಳಸಿದ ಮುದ್ದೆಗಳು ಆರುತ್ತಿವೆ. ವರ್ಷಗಟ್ಟಲೆ ಅವನ ಸಾರು ಉಂಡ ಬಾಯಿಗಳು ಅಲ್ಲಿ ಜೊಲ್ಲು ಸುರಿಸುತ್ತಿವೆ.

"ನೂಲ್ನ ಬೇಸಿ ತಿನ್ನುಸ್ತಾವ್ನ. ಇವತ್ತು ತಟ್ಟ ಕಿತ್ಕಂಡವ್ನು ನಾಳ ಅಂಗ್ಡೀನೂ ಕಿತ್ಕತಾನ ಕಣ್ಲಾ," ಎಂದು ಪಕ್ಕದ ಅಂಗಡಿಯ ಟೈಲರ್ ಜಡೇಸ್ವಾಮಿಗೆ ಹೇಳಲು ತಿರುಗಿದರೆ, ಅವನೂ ಆ ಸಾಲಿನಲ್ಲೇ ನಿಂತಿದ್ದ.

ಆದರೆ ಇಲ್ಲಿಯ ಗಂಟಲಿಗೆ ಮುದ್ದೆಯ ಅಭ್ಯಾಸ. ಮುದ್ದೆಯನ್ನು ಯಾರೂ ಅಗಿಯುವುದಿಲ್ಲ, ಸಾರಿಗೆ ಅದ್ದಿ ನುಂಗುತ್ತಾರೆ. ನೂಡಲ್ಸನ್ನೂ ಹಾಗೇ ಗುಳುಂ ಮಾಡಲು ಹೋದರು. ಅರ್ಧ ಗಂಟಲೊಳಗೆ, ಅರ್ಧ ಗಡ್ಡದ ಮೇಲೆ. ಒಬ್ಬ ಕೆಮ್ಮಿದ, ಒಬ್ಬ ಕೈಹಾಕಿ ಎಳೆದ, ಜಡೇಸ್ವಾಮಿ ಕಣ್ಣು ಮೇಲೆ ಮಾಡಿದ. ಗಲಾಟೆಯಲ್ಲಿ ಸ್ಟವ್ ಮಗುಚಿ ಕೆಟ್ಟುಹೋಯಿತು. ಎಲ್ಲರೂ ಉಗಿಯುತ್ತ ಬಂದು ಮತ್ತೆ ಗುರುಮಲ್ಲಪ್ಪನ ಬೆಂಚಿನ ಮೇಲೆ ಕೂತರು. ಅವನು ಒಬ್ಬೊಬ್ಬರಿಗೂ ಬಯ್ಯುತ್ತಲೇ ಬಡಿಸಿದ.

ಕೊನೆಗೆ ಏಜೆಂಟೂ ಬಂದ. ಬೆಳಗಿನಿಂದ ಅವನ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಗುರುಮಲ್ಲಪ್ಪ ಬೇಕೆಂದೇ ದಪ್ಪನೆಯ ಮುದ್ದೆ ಇಟ್ಟ. ಪಾಪ, ಅವನು ಅದನ್ನು ಅಗಿದ. ಅಗಿದಷ್ಟೂ ಹಲ್ಲಿಗೆ ಮೆತ್ತಿಕೊಂಡು, ಬಾಯಿ ಬಿಡಲಾಗದೆ ಕಣ್ಣಲ್ಲಿ ನೀರು ತುಂಬಿಕೊಂಡ. ಜನ ಬಿದ್ದು ಬಿದ್ದು ನಕ್ಕರು. ಒಳಗಿನಿಂದ ಬಂದ ಗುರುಮಲ್ಲಪ್ಪನ ಹೆಂಡತಿ ಶಾಂತಮಲ್ಲಮ್ಮ ಮಾತ್ರ ನಗಲಿಲ್ಲ.

"ಅಸ್ಕಂಡು ಬಂದವ್ರ ಬರೀ ಒಟ್ಟೇಲಿ ಕಳ್ಸಿ ನಾವು ಉಣ್ಣಾದಾ? ಅವ್ರದ್ನೇ ಬೇಸಿ ಇಕ್ಕಿ," ಎಂದಳು.

ಶಿವನ ಹೆಸರು ಹೇಳಿ ಉಣ್ಣುವ ಮನೆಯಲ್ಲಿ ಈ ಮಾತಿಗೆ ಎದುರಾಡುವಂತಿರಲಿಲ್ಲ. ಗುರುಮಲ್ಲಪ್ಪ ಹಲ್ಲು ಕಡಿಯುತ್ತ ವ್ಯಾನಿನಿಂದ ತಂದ ಪೊಟ್ಟಣಗಳನ್ನು ಹರಿದ. ಕಂಪನಿಯ ಮೇಲಿನ ಸಿಟ್ಟನ್ನೆಲ್ಲ ನೂಡಲ್ಸಿನ ಮೇಲೆ ತೀರಿಸಿಕೊಂಡು, ಗುಂಡುಕಲ್ಲಿನಲ್ಲಿ ಜಜ್ಜಿ ನುಚ್ಚು ಮಾಡಿ, ಕುದಿಯುತ್ತಿದ್ದ ಅವರೆಕಾಳಿನ ಸಾರಿಗೆ ಸುರಿದ.

ಏಜೆಂಟು ಬಾಚಿ ಬಾಚಿ ಉಂಡ. ಘಮಕ್ಕೆ ತಡೆಯಲಾರದೆ ಜಡೇಸ್ವಾಮಿ ಒಂದು ಸೌಟು ಹಾಕಿಸಿಕೊಂಡ. ನುಚ್ಚಾದ ನೂಡಲ್ಸು ಅಗಿಯದೆಯೇ ಗಂಟಲಲ್ಲಿ ಸಲೀಸಾಗಿ ಇಳಿಯಿತು. ಆಮೇಲೆ ಎಲ್ಲರ ತಟ್ಟೆಗಳೂ ಮುಂದೆ ಬಂದವು. ಏಜೆಂಟು ಕುಣಿಯುತ್ತ ವ್ಯಾನಿನ ಪೆಟ್ಟಿಗೆಗಳನ್ನೆಲ್ಲ ಅಲ್ಲೇ ಇಳಿಸಿ, ಈ ಊರಿಗೆ ರುಚಿ ಹತ್ತಿಸಲು ಇನ್ನು ತಾನು ಬರಬೇಕಾಗಿಲ್ಲ ಎಂದು ಕೈಮುಗಿದು ಹೊರಟ.

"ಗುರುಮಲ್ಲಣ್ಣ, ನಾಳಿಂದ ಮುದ್ದ ಬುಟ್ಬುಡು," ಅಂದ ಜಡೇಸ್ವಾಮಿ.

ಗುರುಮಲ್ಲಪ್ಪ ಸೌಟು ಎತ್ತಿಯೇಬಿಟ್ಟ. ಈ ಮುಠ್ಠಾಳರಿಗೆ ನೀನಾದರೂ ಬುದ್ಧಿ ಹೇಳು ಎಂದು ಹೆಂಡತಿಯ ಕಡೆ ತಿರುಗಿದ. ಶಾಂತಮಲ್ಲಮ್ಮ ಪಾತ್ರೆಯ ತಳ ಕೆರೆಯುತ್ತಿದ್ದಳು.

"ಇನ್ನೊಂದಷ್ಟು ಜಜ್ಜಿ," ಅಂದಳು.