ನಮ್ಮ ಬಚ್ಚಲೂ ಊರಿನ ನೀರಪಟ್ಟಿಯೂ

ಯಾರು, ಏನು, ಎಲ್ಲಿ, ಯಾವಾಗ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆದು ಲಕೋಟೆ ಅಂಟಿಸಿ ಬಸ್ಸಿಗೆ ಕೊಟ್ಟರೆ ಪತ್ರಿಕೆಯ ಬಾತ್ಮೀದಾರನಿಗೆ ಆ ದಿನದ ಊಟ ರುಚಿಸುತ್ತದೆ. ಹೊಟ್ಟೆ ಕೆಡಿಸುವುದು ಐದನೆಯ ಪ್ರಶ್ನೆ. ‘ಯಾಕೆ’ ಎಂಬುದಕ್ಕೆ ಉತ್ತರ ಸಿಗುವವರೆಗೆ ಕಾಯುವ ಸಹನೆ ಬೇಕು. ಬಸ್ಸಿಗೆ ಆ ಸಹನೆ ಇರುವುದಿಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಕಡೆಯ ಸುದ್ದಿಯನ್ನು ನಾನೊಬ್ಬನೇ ಕಳಿಸುತ್ತಿದ್ದ ಆ ವರ್ಷಗಳಲ್ಲಿ, ಒಮ್ಮೆ ಬಸ್ಸು ಹೊರಡುವ ಅವಸರದಲ್ಲಿ ‘ಯಾಕೆ’ಗೆ ಒಂದು ಉತ್ತರ ಊಹಿಸಿ ಬರೆದೆ. ಅದರಿಂದ ಒಬ್ಬ ಮನುಷ್ಯ ಕೆಲಸ ಕಳೆದುಕೊಳ್ಳುವುದರಲ್ಲಿದ್ದ. ಇಷ್ಟು ದಿನ ನಾನು ಆ ವಿಷಯ ಎತ್ತಿದವನಲ್ಲ. ಎತ್ತಿದವರ ಮುಂದೆ ಮಳೆ ಬೆಳೆಯ ಮಾತು ತೆಗೆದವನು.

ಆಗ ನಾವಿನ್ನೂ ಮುಂಬಯಿ ಇಲಾಖೆಯಲ್ಲಿದ್ದೆವು, ಕರ್ನಾಟಕ ಒಂದಾಗಿರಲಿಲ್ಲ. ನಮ್ಮ ಊರಿನ ಹೆಸರು ಹೇಳುವುದಿಲ್ಲ; ಹುಕ್ಕೇರಿ ಕಡೆಯಿಂದ ಮೂಡಲಗಿಯ ಪೇಟೆಗೆ ಹೋಗುವವರು ಬಸ್ಸು ಬದಲಿಸುವ ಊರು ಎಂದರೆ ಸಾಕು. ನಮಗೊಂದು ಮುನಸಿಪಾಲ್ಟಿ ಇತ್ತು, ಹೊಳೆಯ ದಂಡೆಯಲ್ಲಿ ನೀರೆತ್ತುವ ಎಣ್ಣೆಯ ಎಂಜಿನ್ನು, ದಿಬ್ಬದ ಮೇಲೆ ನೀರಿನ ಟಾಕಿ, ಮನೆಗಳಿಗೆ ನಳ. ನಳಕ್ಕೆ ಮೀಟರು ಇರಲಿಲ್ಲ. ಒಂದು ಕೊಡ ತುಂಬಿದರೂ ನೂರು ತುಂಬಿದರೂ ಮುನಸಿಪಾಲ್ಟಿಗೆ ಕಟ್ಟುವ ನೀರಪಟ್ಟಿ ಒಂದೇ. ಒಂದು ಬೆಳಿಗ್ಗೆ ಡಂಗುರದವನು ಬಂದು, ಬರುವ ತಿಂಗಳಿಂದ ನೀರಪಟ್ಟಿಯೂ ಗಟಾರಪಟ್ಟಿಯೂ ಏರಿವೆ ಎಂದು ಸಾರಿ ಹೋದ. ಯಾಕೆ ಎಂದು ಅವನನ್ನು ಕೇಳಿದರೆ, ಡಂಗುರ ಬಾರಿಸಲು ಹೇಳಿದವರು ಅದನ್ನು ಹೇಳಿಲ್ಲ ಎಂದ. ಜನ ನನ್ನನ್ನು ಹಿಡಿದರು. ಪೇಪರಿನವನಿಗೆ ಎಲ್ಲ ಗೊತ್ತಿರುತ್ತದೆ ಎಂಬ ಭ್ರಮೆ ಆಗ ಊರಿಗೂ ಇತ್ತು, ನನಗೂ ಇತ್ತು.

ಮುನಸಿಪಾಲ್ಟಿಯ ಅಧ್ಯಕ್ಷರ ಹತ್ತಿರ ಹೋದೆ. ಅವರು ಜವಳಿ ಅಂಗಡಿಯವರು, ಅಳೆದು ಮಾತಾಡುವವರು. ಹಿಂದಿನ ವರ್ಷಕ್ಕಿಂತ ಎಂಜಿನ್ನು ಹೆಚ್ಚುಕಡಿಮೆ ಎರಡರಷ್ಟು ಹೊತ್ತು ಓಡುತ್ತಿದೆ, ಎಣ್ಣೆಯೂ ಅಷ್ಟೇ ಹೆಚ್ಚು ಸುಡುತ್ತಿದೆ, ಆದರೂ ತುಂಬಿದ ಟಾಕಿ ಗಂಟೆಯೊಳಗೆ ಬರಿದಾಗುತ್ತಿದೆ, ಅತ್ತ ಗಟಾರಗಳು ತುಂಬಿ ದಾರಿಗೆ ಹರಿಯುತ್ತಿವೆ, ಅವನ್ನು ಒಡೆದು ಅಗಲ ಮಾಡಿಸಬೇಕು, ಪಟ್ಟಿ ಏರಿಸದೆ ಇನ್ನೇನು ಮಾಡಲಿ ಎಂದರು. ಜನ ಹೆಚ್ಚಾಗಿಲ್ಲ, ನಳ ಹೆಚ್ಚಾಗಿಲ್ಲ, ನೀರು ಎಲ್ಲಿ ಹೋಗುತ್ತಿದೆ ಎಂದೆ. ಅದು ತಮಗೂ ತಿಳಿಯದು ಎಂದು ಅಂಗೈ ತೋರಿಸಿದರು. ಬಸ್ಸಿಗೆ ಹದಿನೈದು ಮಿನಿಟು ಉಳಿದಿತ್ತು. ಹೋಟೆಲಿನ ಕಟ್ಟೆಯ ಮೇಲೆ ಕೂತು ಬರೆದೆ. ಕೊನೆಯ ಸಾಲು ಹೀಗಿತ್ತು: ‘ಇಷ್ಟು ನೀರು ಎಲ್ಲಿಗೆ ಹೋಗುತ್ತಿದೆ ಎಂಬುದನ್ನು ಪಂಪಿನ ಮಿಸ್ತ್ರಿಯೇ ಹೇಳಬೇಕೆಂದು ಜನ ಆಡಿಕೊಳ್ಳುತ್ತಿದ್ದಾರೆ.’ ಜನ ಆಡಿಕೊಳ್ಳುತ್ತಿರಲಿಲ್ಲ. ಬಾಜೂಕ್ಕೆ ಕೂತವನೊಬ್ಬ ಚಹಾ ಊದುತ್ತ ಹಾಗೊಂದು ಮಾತು ಅಂದಿದ್ದ, ಅಷ್ಟೆ. ಪತ್ರಿಕೆ ಬಂದ ಮೇಲೆ ಜನ ಆಡಿಕೊಂಡರು. ಹೊಳೆಯಿಂದ ದಿಬ್ಬಕ್ಕೆ ನೀರಿನ ಕೊಳವೆ ಹಾದುಹೋಗುವ ದಾರಿಯಲ್ಲಿ ಒಬ್ಬರ ಬದನೆಯ ತೋಟವಿತ್ತು. ಮಿಸ್ತ್ರಿ ಅಲ್ಲಿಗೆ ನೀರು ಮಾರುತ್ತಾನೆ ಎಂದು ಸಂಜೆಯೊಳಗೆ ಕತೆ ಪೂರ್ತಿಯಾಯಿತು. ಯಾರ ಹೆಸರನ್ನೂ ನಾನು ಬರೆದಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ಆದರೆ ಊರಿಗಿದ್ದ ಪಂಪಿನ ಮಿಸ್ತ್ರಿ ಒಬ್ಬನೇ.

ಅವನು ಭೀಮಪ್ಪ, ಘೋಡಗೇರಿಯವನು. ಕುರಿ ಕಾಯುವ ಮನೆತನ. ಅಣ್ಣ ಇನ್ನೂ ಮಂದೆಯ ಹಿಂದೆ ಊರೂರು ತಿರುಗುತ್ತಿದ್ದ. ಇವನು ಎಂಜಿನ್ನಿನ ಸದ್ದನ್ನೂ ಮಂದೆಯ ಸದ್ದಿನ ಹಾಗೆಯೇ ಕೇಳುತ್ತಿದ್ದ. ಊಟಕ್ಕೆ ಕೂತಲ್ಲೇ ತಲೆ ಓರೆ ಮಾಡಿ ಯಾವುದೋ ನಟ್ಟು ಸಡಿಲಾಗಿದೆ ಎಂದು ಎದ್ದು ಹೋಗುವವನು. ಸುದ್ದಿ ಅಚ್ಚಾದ ಮೂರನೆಯ ದಿನ ನಮ್ಮ ಮನೆಯ ಮುಂದೆ ಬಂದು ನಿಂತ. ಒಳಗೆ ಕರೆದರೆ ಬರಲಿಲ್ಲ. ಸೋಮವಾರದ ಸಭೆಯಲ್ಲಿ ತನ್ನನ್ನು ಕೆಲಸದಲ್ಲಿ ಇಡುವುದೋ ಬಿಡುವುದೋ ತೀರ್ಮಾನ ಮಾಡುತ್ತಾರಂತೆ ಎಂದ. ಬೈಯುತ್ತಾನೆಂದು ನಾನು ಸಿದ್ಧನಾಗಿದ್ದೆ. ಅವನು ಬೈಯಲಿಲ್ಲ.

“ಕೆಲಸ ಹ್ವಾದ್ರ ಅಣ್ಣನ ಜೋಡಿ ಕುರಿ ಹಿಂದ ಹೋಕ್ಕೀನ್ರಿ, ಅದೇನ ದೊಡ್ಡದಲ್ಲ,” ಅಂದ. “ಖರೆ, ನೀರಗಳ್ಳ ಅನಿಸ್ಕೊಂಡ ಹೋಗಂಗಿಲ್ರಿ. ಐತವಾರ ನಸುಕಿನ್ಯಾಗ ಅಧ್ಯಕ್ಷರನ್ನ ಕರಕೊಂಡ ನೀವೂ ಬರ್ರಿ. ನಾ ಏನೂ ಹೇಳಂಗಿಲ್ಲ. ನೀವ ನೋಡ್ರಿ, ನೀವ ಬರೀರಿ.”

ಇಲ್ಲಿ ನಮ್ಮ ಮನೆಯ ಪದ್ಧತಿಯೊಂದನ್ನು ಹೇಳಬೇಕು. ನನಗಿನ್ನೂ ಮದುವೆಯಾಗಿರಲಿಲ್ಲ, ಮನೆಯಲ್ಲಿ ಅವ್ವ ಮತ್ತು ನಾನು. ನಳ ಬರುವ ಮುಂಚೆ ಅವ್ವ ಹೊಳೆಯಿಂದ ನೀರು ಹೊತ್ತವಳು. ಆಗ ಕುಡಿದು ಉಳಿದ ನೀರಿನಲ್ಲಿ ಪಾತ್ರೆ ತಿಕ್ಕಿ, ಅದೇ ನೀರನ್ನು ಕರಿಬೇವಿನ ಬುಡಕ್ಕೆ ಸುರಿಯುತ್ತಿದ್ದಳು. ನಳ ಬಂದ ಮೇಲೆ ನೀರಿಗೆ ವಯಸ್ಸು ಬಂತು. ಇಂದಿನ ನೀರು ತಾಜಾ, ನಿನ್ನೆಯದು ತಂಗಳು. ನಸುಕಿನಲ್ಲಿ ನಳ ಗೊರಗುಟ್ಟಿದೊಡನೆ ಹಂಡೆ, ಹರವಿ, ಕೊಡ ಎಲ್ಲವನ್ನೂ ಬರಿದು ಮಾಡಿ, ತೊಳೆದು, ಹೊಸ ನೀರು ಹಿಡಿಯುವುದು ಮಡಿವಂತಿಕೆಯೆಂದೂ ಆರೋಗ್ಯವೆಂದೂ ಎರಡು ಲೆಕ್ಕದಲ್ಲಿ ನಡೆದಿತ್ತು. ಇದು ನಮ್ಮ ಮನೆಯೊಂದರದೇ ಅಲ್ಲ. ವರ್ಷದೊಳಗೆ ಓಣಿ ಓಣಿಯಲ್ಲಿ ಹೆಂಗಸರು ಒಬ್ಬರನ್ನು ನೋಡಿ ಒಬ್ಬರು ಹಿಡಿದ ಪದ್ಧತಿ. ತಂಗಳ ನೀರು ಇಡುವ ಮನೆಗೆ ಹೆಣ್ಣು ಕೊಡಲು ಜನ ಹಿಂದೆಮುಂದೆ ನೋಡುವ ಮಟ್ಟಕ್ಕೆ ಅದು ಬಂದಿತ್ತು. ತುಂಬುವ ಕೆಲಸ ಅವ್ವನದು. ಭಾರ ಎತ್ತಿ ಬಚ್ಚಲಿಗೆ ಸುರಿಯುವ ಕೆಲಸ ನನ್ನದು. ಅರ್ಧ ನಿದ್ದೆಯಲ್ಲಿ ಹಂಡೆ ಬಗ್ಗಿಸುತ್ತ ಆ ದಿನ ಕಳಿಸಬೇಕಾದ ಸುದ್ದಿಯ ತಲೆಬರಹ ಯೋಚಿಸುತ್ತಿದ್ದೆ. ಮೊದಲ ವರದಿ ಕಳಿಸಿದ ಮರುದಿನ, ಮುಂದಿನ ಸುದ್ದಿಗೆಂದು ‘ಟಾಕಿಯ ನೀರು ಎಲ್ಲಿ ಹೋಗುತ್ತಿದೆ?’ ಎಂಬ ತಲೆಬರಹ ಹೊಳೆದದ್ದು ಅಲ್ಲೇ, ಬಚ್ಚಲಿನಲ್ಲಿ, ಹಂಡೆ ಅರ್ಧ ಬರಿದಾಗಿದ್ದಾಗ. ಎರಡಕ್ಕೂ ಏನಾದರೂ ಸಂಬಂಧವಿದ್ದೀತು ಎಂದು ನನಗೆ ತೋಚಲಿಲ್ಲ.

ಐತವಾರ ನಸುಕಿನಲ್ಲಿ ಮೂವರೂ ಹೊರಟೆವು. ಅಧ್ಯಕ್ಷರು ಕೈಯಲ್ಲಿ ಬ್ಯಾಟರಿ ಹಿಡಿದಿದ್ದರು, ನಾನು ನೋಟುಪುಸ್ತಕ ಹಿಡಿದಿದ್ದೆ, ಭೀಮಪ್ಪ ನೀರು ಬಿಡುವ ಉದ್ದನೆಯ ಕಬ್ಬಿಣದ ಚಾವಿ ಹೊತ್ತಿದ್ದ. ಮೊದಲು ಬದನೆಯ ತೋಟ. ಅಲ್ಲಿ ನೆಲ ತೇವವಿದ್ದರೆ ಇವನ ಕತೆ ಮುಗಿಯಿತು. ಅಧ್ಯಕ್ಷರು ಬಗ್ಗಿ ಮಣ್ಣು ಹಿಡಿದರು. ಬೆರಳ ಸಂದಿಯಿಂದ ಹುಡಿ ಉದುರಿತು. ಗಿಡಗಳ ಎಲೆ ಜೋತುಬಿದ್ದಿತ್ತು. ಕೊಳವೆಯ ಒಂದೊಂದು ಜೋಡಣೆಯನ್ನೂ ಬ್ಯಾಟರಿ ಬಿಟ್ಟು ನೋಡಿದೆವು; ಒಂದು ಹನಿಯೂ ಜಿನುಗುತ್ತಿರಲಿಲ್ಲ. ನಾನು ಅದನ್ನು ಬರೆದುಕೊಂಡೆ. ಬರೆಯುವಾಗ ಭೀಮಪ್ಪ ನನ್ನ ಪೆನ್ಸಿಲನ್ನೇ ನೋಡುತ್ತಿದ್ದ.

“ಹಂಗಾರ ನೀರ ಎಲ್ಲಿ ಹೊಂಟೈತೋ?” ಎಂದರು ಅಧ್ಯಕ್ಷರು. ಅವನ ಮೇಲಿನ ಸಂಶಯ ತೋಟದಿಂದ ಎದ್ದು ಬೇರೆ ಜಾಗ ಹುಡುಕುತ್ತಿತ್ತು.

ಭೀಮಪ್ಪ ದಿಬ್ಬ ಹತ್ತಿ ಟಾಕಿಯ ಚಾವಿ ತಿರುವಿ ಊರಿಗೆ ನೀರು ಬಿಟ್ಟ. ಆಮೇಲೆ ನಮ್ಮನ್ನು ಊರ ಕೆಳಗೆ, ದೊಡ್ಡ ಗಟಾರ ಹೊಳೆಗೆ ಸೇರುವಲ್ಲಿಗೆ ಕರೆದುಕೊಂಡು ಹೋಗಿ ನಿಲ್ಲಿಸಿದ. ಗಟಾರದ ತಳದಲ್ಲಿ ಕಪ್ಪು ಕೆಸರಿನ ಸಣ್ಣ ಗೆರೆ. ಮೂಗು ಮುಚ್ಚಿ ನಿಂತೆವು. ಹತ್ತು ಮಿನಿಟು ಏನೂ ಆಗಲಿಲ್ಲ. ಅಧ್ಯಕ್ಷರು ಎರಡು ಸಲ ಗಡಿಯಾರ ನೋಡಿದರು. ಆಮೇಲೆ ಮೇಲಿನಿಂದ ಒಂದು ಸದ್ದು ಬಂತು, ಹಿಂದೆಯೇ ನೀರು ಬಂತು. ಅದು ಗಟಾರದ ನೀರಾಗಿರಲಿಲ್ಲ. ಬೂದಿಯಿಲ್ಲ, ಸಾಬೂನಿನ ನೊರೆಯಿಲ್ಲ, ಅನ್ನದ ಅಗುಳಿಲ್ಲ. ತಳದ ಕಲ್ಲು ಎಣಿಸುವಷ್ಟು ತಿಳಿ. ಮುಗಿಯುವುದೇ ಇಲ್ಲವೆಂಬಂತೆ ದಂಡೆ ಮೀರಿ ಹರಿದು ಹೊಳೆ ಸೇರುತ್ತಿತ್ತು. ಅಧ್ಯಕ್ಷರು ಒಂದು ಬೆರಳು ಅದ್ದಿ ನೋಡಿ, ಮತ್ತೊಮ್ಮೆ ಅದ್ದಿದರು.

ಆ ತಿಳಿ ನೀರಿನ ಬೆನ್ನು ಹತ್ತಿ ಊರೊಳಗೆ ನಡೆದೆವು. ಓಣಿ ಕೂಡುವಲ್ಲೆಲ್ಲ ಭೀಮಪ್ಪ ನಿಲ್ಲುತ್ತಿದ್ದ. ಯಾವ ಕಡೆಯ ನೀರು ಹೆಚ್ಚು ತಿಳಿಯೋ ಆ ಕಡೆ ಹೊರಳುತ್ತಿದ್ದ. ಪ್ರತಿಯೊಂದು ಮನೆಯ ಮೋರಿಯಿಂದಲೂ ಪಾಲು ಸೇರುತ್ತಿತ್ತು. ಅಧ್ಯಕ್ಷರು ಗಟಾರ ನೋಡುತ್ತ ನಡೆಯುವುದನ್ನು ಕಂಡು ಬಾಗಿಲಿಗೆ ಬಂದ ಜನ, ಏನು ಕಳೆದಿದೆ ಎಂದು ಕೇಳಿದರು. ಉಂಗುರ ಎಂದು ಒಬ್ಬರು ಇನ್ನೊಬ್ಬರಿಗೆ ಹೇಳಿದ್ದೂ ಕೇಳಿಸಿತು. ತಿಳಿ ನೀರಿನ ಜಾಡು ನಮ್ಮ ಓಣಿಯ ಕಡೆ ಹೊರಳಿತು. ಹಂಡೆಯ ನೆನಪು ಬಂದದ್ದು ಆಗ. ಇಷ್ಟು ನೋಡಿದ್ದು ಸಾಕು, ಸುದ್ದಿಗೆ ಬೇಕಾದದ್ದು ಸಿಕ್ಕಿತು ಎಂದೆ. ಭೀಮಪ್ಪ ನನ್ನ ಮುಖ ನೋಡಿ, ಪೂರ್ತಿ ನೋಡದೆ ಬರೆಯುವುದು ಬೇಡವೆಂದು ಮೆತ್ತಗೆ ಹೇಳಿದ. ಎಲ್ಲಕ್ಕಿಂತ ತಿಳಿಯಾದ, ಎಲ್ಲಕ್ಕಿಂತ ದಪ್ಪನೆಯ ಧಾರೆ ಯಾವ ಮೋರಿಯಿಂದ ಬೀಳುತ್ತಿತ್ತೆಂದು ಇನ್ನು ಹೇಳಬೇಕಾಗಿಲ್ಲ. ನಾನು ಮನೆಯಲ್ಲಿಲ್ಲದ್ದರಿಂದ ಅವ್ವನೇ ಸೀರೆ ಎತ್ತಿ ಕಟ್ಟಿ ಬಚ್ಚಲಿಗೆ ಹಂಡೆ ಉರುಳಿಸುತ್ತಿದ್ದಳು.

ಅಧ್ಯಕ್ಷರು ಬಾಗಿಲಲ್ಲಿ ನಿಂತು, ಇದೇನು, ಕುಡಿಯುವ ನೀರು ಚೆಲ್ಲುತ್ತೀರಲ್ಲ ಎಂದು ಕೇಳಿದರು. ಅವ್ವ ಹಂಡೆ ಕೆಳಗಿಟ್ಟು ನಿಧಾನವಾಗಿ ನೆಟ್ಟಗಾದಳು.

“ಕುಡಿಯೂ ನೀರ ಅಲ್ರೀ ಅಣ್ಣಾರ, ಇದು ನಿನ್ನೀದು,” ಅಂದಳು. “ನಿನ್ನಿ ನೀರ ಕುಡಿಸಿ ಮಗನ್ನ ಜಡ್ಡಿಗೆ ಹಾಕ್ಲೇನು? ಮೊದಲ ಅವಂಗ ಹಗಲೆಲ್ಲಾ ಬಿಸಲಾಗ ತಿರಗೂ ಕೆಲಸ. ಅಲ್ಲಾ, ನಿಮ್ಮ ಮನ್ಯಾಗ ತಂಗಳ ನೀರ ಕುಡೀತೀರೇನ್ರಿ?”

ಅಧ್ಯಕ್ಷರ ಮನೆಯ ಮೋರಿಯನ್ನು ನಾವು ಐದು ನಿಮಿಷದ ಹಿಂದೆ ದಾಟಿ ಬಂದಿದ್ದೆವು. ಅಲ್ಲಿ ಅವರು ನಡಿಗೆ ಚುರುಕು ಮಾಡಿದ್ದು ನನ್ನ ಪುಸ್ತಕದಲ್ಲಿ ದಾಖಲಾಗಿತ್ತು. ಅವ್ವ ಭೀಮಪ್ಪನ ಕಡೆ ತಿರುಗಿ, ಬಂದವನಿಗೆ ನೀರು ಬೇಕೇ, ಈಗ ಹಿಡಿದದ್ದಿದೆ ಎಂದಳು. ಅವನು ಚಾವಿ ಕೆಳಗಿಟ್ಟು ಎರಡು ಚರಿಗೆ ಕುಡಿದ.

ಸೋಮವಾರ ಸಭೆಯಲ್ಲಿ ಭೀಮಪ್ಪನ ವಿಷಯ ಒಂದೇ ಮಾತಿನಲ್ಲಿ ಮುಗಿಯಿತು; ಅವನದೇನೂ ತಪ್ಪಿಲ್ಲವೆಂದು ಬರೆದರು. ಪಟ್ಟಿ ಮಾತ್ರ ಇಳಿಯಲಿಲ್ಲ. ಹೊಳೆಯ ನೀರನ್ನು ಎಣ್ಣೆ ಸುಟ್ಟು ದಿಬ್ಬಕ್ಕೆ ಏರಿಸಿ, ನಮ್ಮ ಹಂಡೆಗಳಲ್ಲಿ ಒಂದು ರಾತ್ರಿ ವಸ್ತಿ ಮಾಡಿಸಿ, ಗಟಾರ ಒಡೆದು ಅಗಲ ಮಾಡಿ ಮತ್ತೆ ಹೊಳೆಗೆ ಬಿಡುವ ಖರ್ಚು ಅದು. ಅಲ್ಲಿ ಕೂತವರೆಲ್ಲರಿಗೂ ಈಗ ಅದು ಗೊತ್ತಿತ್ತು. ಆದರೆ ನಿನ್ನೆಯ ನೀರು ಕುಡಿಯಿರಿ ಎಂದು ಡಂಗುರ ಹೊಡೆಸಿ ಸಂಜೆ ಮನೆಗೆ ಹೋಗುವ ಧೈರ್ಯ ಅವರಲ್ಲಿ ಒಬ್ಬರಿಗೂ ಇರಲಿಲ್ಲ. ಅವ್ವನಿಗೆ ನಾನು ಎಲ್ಲ ಬಿಡಿಸಿ ಹೇಳಿದೆ. ಅವಳು ಶಾಂತವಾಗಿ ಕೇಳಿ, ಇನ್ನು ಮೇಲೆ ಪಟ್ಟಿ ಹೆಚ್ಚು ಕೊಡುತ್ತೇವಲ್ಲ, ಹಾಗಾದರೆ ಸಂಜೆಯ ನೀರನ್ನೂ ಬದಲಿಸಬಹುದು ಎಂದಳು.

ನಾನು ಸುದ್ದಿ ಕಳಿಸಿದೆ. ಮಿಸ್ತ್ರಿ ನಿರಪರಾಧಿ ಎಂದು ಅವನ ಹೆಸರು ಹಾಕಿ ಬರೆದೆ. ಓಣಿಗಳಿಂದ ತಿಳಿ ನೀರು ಪೋಲಾಗುತ್ತಿರುವುದನ್ನೂ, ‘ಒಂದು ಮನೆಯ ಬಚ್ಚಲಿನಿಂದ ಅತ್ಯಧಿಕವಾಗಿ’ ಎಂಬುದನ್ನೂ ಬರೆದೆ. ಪತ್ರಿಕೆ ಬಂದ ದಿನ ಭೀಮಪ್ಪ ಹೋಟೆಲಿನಲ್ಲಿ ಅದನ್ನು ಯಾರಿಂದಲೋ ಎರಡು ಸಲ ಓದಿಸಿ, ನನ್ನ ಹತ್ತಿರ ಬಂದು ಕೂತ. ಚಹಾ ಹೇಳಿದೆ. ಕುಡಿದ.

“ಚಲೋ ಬರದೀರಿ ಅಣ್ಣಾರ,” ಅಂದ. “ನನ್ನ ಹೆಸರ ಬಂದೈತಿ, ನಮ್ಮ ಊರ ಹೆಸರೂ ಬಂದೈತಿ. ಆ ಮನಿ ಯಾರದು ಅನ್ನೂದ ಬಂದಿಲ್ಲ ನೋಡ್ರಿ. ಬಸ್ಸಿಗೆ ಹೊತ್ತಾಗಿತ್ತೇನೋ.”

ವ್ಯಂಗ್ಯವಾಗಿ ಅಂದನೋ ಕನಿಕರದಿಂದ ಅಂದನೋ ಇವತ್ತಿಗೂ ಹೇಳಲಾರೆ. ಅಂದೇ ಇನ್ನೊಂದು ಸಾಲು ಬರೆದು ಕಳಿಸಿದೆ: ‘ಹಿಂದಿನ ವರದಿಯಲ್ಲಿ ಹೇಳಿದ ಮನೆ ಈ ಬಾತ್ಮೀದಾರನದೇ, ದಿನವೂ ನೀರು ಚೆಲ್ಲುತ್ತಿದ್ದವನೂ ಅವನೇ.’ ಸಂಪಾದಕರು ಅದನ್ನು ಹಾಕಲಿಲ್ಲ. ಜಾಗವಿಲ್ಲ, ಮೇಲಾಗಿ ಇದು ಸುದ್ದಿಯೂ ಅಲ್ಲ ಎಂದು ಕಾರ್ಡು ಬರೆದರು. ನಾನು ಮತ್ತೆ ಒತ್ತಾಯ ಮಾಡಲಿಲ್ಲ. ಕಾರ್ಡನ್ನು ಮಾತ್ರ ಬಹಳ ದಿನ ಜೇಬಿನಲ್ಲಿ ಇಟ್ಟುಕೊಂಡು ತಿರುಗಿದೆ, ಭೀಮಪ್ಪ ಕೇಳಿದರೆ ತೋರಿಸೋಣವೆಂದು. ಅವನು ಕೇಳಲಿಲ್ಲ. ಅವನು ಈಗ ನೌಕರಿ ಮುಗಿಸಿ ಘೋಡಗೇರಿಯಲ್ಲಿದ್ದಾನೆ. ಇದು ಅಚ್ಚಾದರೆ ಒಂದು ಪ್ರತಿ ಅಲ್ಲಿಗೆ ಕಳಿಸಬೇಕೆಂದಿದ್ದೇನೆ. ಆ ಸಾಲು ಇಲ್ಲಾದರೂ ಉಳಿದೀತು.

ಇಲ್ಲಿಯವರೆಗೆ ನಿನ್ನೆ ಬರೆದು ಮಲಗಿದ್ದೆ. ಇವತ್ತು ನಸುಕಿನಲ್ಲಿ ನಳ ಗೊರಗುಟ್ಟಿತು, ಅವ್ವ ಒಳಗಿನಿಂದ ಕೂಗಿದಳು, ಎದ್ದು ಹೋದೆ. ಇದಕ್ಕೊಂದು ಒಳ್ಳೆಯ ಮುಕ್ತಾಯ ಯೋಚಿಸುತ್ತ ನಿಂತಿದ್ದವನಿಗೆ ಎಚ್ಚರವಾದಾಗ ನಾನು ಬಚ್ಚಲಿನಲ್ಲಿದ್ದೆ, ಹಂಡೆ ಕೈಯಲ್ಲಿ ಬಗ್ಗಿತ್ತು, ನೀರು ಅರ್ಧ ಹೋಗಿತ್ತು. ಉಳಿದರ್ಧವನ್ನು ಸದ್ದಾಗದಂತೆ ಒಳಗೆ ತಂದಿಟ್ಟೆ. ಎಲ್ಲ ಚೆಲ್ಲಿದೆಯಾ ಎಂದು ಅವ್ವ ಕೇಳಿದಳು. ಹೂಂ ಎಂದೆ. ಆ ಉತ್ತರದಲ್ಲಿ ಅರ್ಧ ಖರೆಯಿತ್ತು. ಭೀಮಪ್ಪನ ಮೇಲೆ ನಾನು ಬರೆದ ಮೊದಲ ಬಾತ್ಮಿಯಲ್ಲಿ ಅಷ್ಟೂ ಇರಲಿಲ್ಲ.