ನಾಲ್ಕನೇ ದರ್ಜೆಯ ಕಷ್ಟ

ಈ ಊರು ನಾಲ್ಕನೇ ದರ್ಜೆಯ ಕಷ್ಟದ ಊರೆಂದು ಅಂತರರಾಷ್ಟ್ರೀಯ ಸಂಸ್ಥೆಯ ಪ್ರಧಾನ ಕಚೇರಿ ವಿಧಿವತ್ತಾಗಿ ತೀರ್ಮಾನಿಸಿದೆ. ಆದಕಾರಣ ಇಲ್ಲಿನ ಶಾಖೆಗೆ ಹೊರದೇಶಗಳಿಂದ ಬಂದ ಒಂಬತ್ತು ಅಧಿಕಾರಿಗಳಿಗೆ ಸಂಬಳದ ಮೇಲೆ ಕಷ್ಟಭತ್ಯೆ ಸಲ್ಲುತ್ತದೆ; ದರ್ಜೆಯ ಸಂಖ್ಯೆ ಏರಿದಷ್ಟೂ ಭತ್ಯೆಯೂ ಏರುತ್ತದೆ. ಇಲ್ಲೇ ಹುಟ್ಟಿದ ನೌಕರರಿಗೆ ಸಲ್ಲುವುದಿಲ್ಲ. ದೂರದಿಂದ ಬಂದು ಪಡುವ ಕಷ್ಟ ತ್ಯಾಗ, ಹುಟ್ಟಿನಿಂದ ಬಂದದ್ದು ಬರೀ ಅಭ್ಯಾಸ ಎಂದು ನಿಯಮಾವಳಿಯಲ್ಲಿ ಸ್ಪಷ್ಟವಾಗಿ ಬರೆದಿದೆ.

ಆ ನಿಯಮಾವಳಿಯನ್ನು ಟೈಪು ಮಾಡಿದವಳು ಶಾಖೆಯ ಟೈಪಿಸ್ಟ್. ಅವಳ ಬೀದಿಗೆ ನಲ್ಲಿ ಇರಲಿಲ್ಲ. ದಿನಾ ಎರಡು ಬೀದಿ ಆಚೆಯಿಂದ ಆರು ಕೊಡ ನೀರು ಹೊತ್ತು, ಸೊಂಟ ಹಿಡಿದುಕೊಂಡೇ ಕಚೇರಿಗೆ ಬರುತ್ತಿದ್ದಳು. ಅಧಿಕಾರಿಗಳ ಬಂಗಲೆಗಳಲ್ಲಾದರೋ ಹುಲ್ಲಿಗೂ ದಿನಕ್ಕೆರಡು ಬಾರಿ ನೀರು. ಹಾಗಾಗಿ ಪ್ರಧಾನ ಕಚೇರಿಗೆ ಕಳಿಸುವ ಕಷ್ಟದ ವರದಿಗೆ ವರ್ಷವರ್ಷವೂ ಅಂಟಿಸುತ್ತಿದ್ದದ್ದು ಅವಳ ಮನೆಯ ಫೋಟೋ. ಅದರಲ್ಲಿ ಖಾಲಿ ಕೊಡದ ಪಕ್ಕ ಅವಳ ಅತ್ತೆ ತಲೆ ಬಾಚಿಕೊಂಡು ನಿಂತಿರುತ್ತಿದ್ದರು.

ಈ ಸಲ ದರ್ಜೆಯ ಪರಿಶೀಲನೆಗೆ ಎರಡು ದಿನ ಇರುವಾಗ ನಗರಸಭೆಯವರು, ಯಾರೂ ನಿರೀಕ್ಷಿಸದ ರೀತಿಯಲ್ಲಿ, ಕೆಲಸ ಮಾಡಿದರು. ಬೀದಿಗೆ ನಲ್ಲಿ ಬಂತು, ಅದೂ ಅವಳ ಮನೆಯೊಳಕ್ಕೇ. ಖುಷಿಗೆ ಅವಳ ಕಣ್ಣು ತುಂಬಿಬಂತು.

ಮುಖ್ಯಾಧಿಕಾರಿ ಕರೆಸಿ ಕೇಳಿದರು. "ನಿಮ್ಮನೇಲಿ ನೀರು ಬರುತ್ತಂತೆ?"

"ಹೌದು ಸಾರ್!"

"ಹದಿನಾರು ವರ್ಷ ತಡ್ಕೊಂಡ್ರಿ. ಇನ್ನೆರಡು ದಿನ ತಡ್ಕೊಳೋಕೆ ಆಗ್ತಿರಲಿಲ್ವಾ?"

"ನಾನೇನ್ಮಾಡ್ಲಿ ಸಾರ್, ಅದಾಗಿ ಅದೇ ಬಂತು."

"ನನ್ನ ಮಗಳ ಕುದುರೆ ಸವಾರಿ ಕ್ಲಾಸು ಅರ್ಧದಲ್ಲಿದೆ. ನಮ್ಮ ಹೊಟ್ಟೆ ಮೇಲೆ ಹೊಡೀಬೇಡಿ," ಎಂದು ಪಕ್ಕದಲ್ಲಿದ್ದ ಉಪಾಧಿಕಾರಿ ಮೂಗು ಒರೆಸಿಕೊಂಡರು.

ಸಂಜೆಯೊಳಗೆ ಸುತ್ತೋಲೆ ಹೊರಟಿತು. 'ಪರಿಶೀಲನೆ ಮುಗಿಯುವವರೆಗೆ ಸದರಿ ನಲ್ಲಿಯನ್ನು ಅಲಂಕಾರಿಕ ವಸ್ತುವೆಂದು ಪರಿಗಣಿಸತಕ್ಕದ್ದು.'

ಅತ್ತೆಗೆ ಸುತ್ತೋಲೆ ಓದಲು ಬರುತ್ತಿರಲಿಲ್ಲ. ಪರಿಶೀಲಕರು ಬೆವರು ಒರೆಸಿಕೊಳ್ಳುತ್ತಾ ಮನೆಯೊಳಗೆ ಬಂದದ್ದೇ ತಡ, ಲೋಟ ತುಂಬಿಸಿ ತಂದರು. "ಬಿಸಿಲಲ್ಲಿ ಬಂದಿದ್ದೀಯ, ಕುಡಿಯಪ್ಪ. ನಮ್ಮದೇ ನಲ್ಲೀದು!"

ಜೊತೆಗೆ ಬಂದಿದ್ದ ಮುಖ್ಯಾಧಿಕಾರಿಯ ಮುಖ ಬಿಳಿಚಿಕೊಂಡಿತು. ಪರಿಶೀಲಕರು ಎರಡು ಲೋಟ ಕುಡಿದರು. ಅವರ ಪ್ರವಾಸಭತ್ಯೆಯೂ ಊರಿನ ದರ್ಜೆಯ ಮೇಲೆಯೇ ನಿಂತಿತ್ತು. ಅವರು ಬರೆದರು: 'ನೀರು ಬಂದಿರುತ್ತದೆ. ಆದರೆ ಹಠಾತ್ತನೆ ಬಂದ ಕಾರಣ ಅಧಿಕಾರಿಗಳ ಮನಸ್ಸಿಗೆ ಆಘಾತವಾಗಿರುತ್ತದೆ. ಐದನೇ ದರ್ಜೆಗೆ ಶಿಫಾರಸು. ಆಘಾತದ ಮೂಲಕ್ಕೆ ಬೀಗ ಹಾಕತಕ್ಕದ್ದು.'

ಬೀಗ ಬಿತ್ತು. ಕೀಲಿ ಸಮುದ್ರದಾಚೆಯ ಪ್ರಧಾನ ಕಚೇರಿಗೆ ಹೋಯಿತು. ನಲ್ಲಿ ಹಾಕುವುದಷ್ಟೇ ತಮ್ಮ ಕೆಲಸ ಎಂದು ನಗರಸಭೆಯವರು ಕೈತೊಳೆದುಕೊಂಡರು. ಕೀಲಿಗಾಗಿ ಟೈಪಿಸ್ಟ್ ಅರ್ಜಿ ಹಾಕಿದಳು. ಕಾರಣದ ಕಾಲಮಿನಲ್ಲಿ 'ಬಾಯಾರಿಕೆ' ಎಂದು ಬರೆದಿದ್ದಳು. ಅಂಗೀಕೃತ ಕಾರಣಗಳ ಪಟ್ಟಿಯಲ್ಲಿ ಬಾಯಾರಿಕೆ ಇಲ್ಲವೆಂದು ಉತ್ತರ ಬಂತು. ಆ ದಿನ ಅವಳಿಗೆ ನಿಜಕ್ಕೂ ಸಿಟ್ಟು ಬಂತು.

ಮರುದಿನ ಬೆಳಗ್ಗೆ ಆರು ಗಂಟೆಗೆ ಅವಳು ಎರಡು ಕೊಡ ಹಿಡಿದು ಮುಖ್ಯಾಧಿಕಾರಿಯ ಹುಲ್ಲಿನ ನಲ್ಲಿಯ ಹತ್ತಿರ ನಿಂತಿದ್ದಳು. ಅದರ ಮರುದಿನವೂ ನಿಂತಿದ್ದಳು. ಮೂರನೇ ದಿನ ಅವರು ಕಿಟಕಿ ತೆರೆದು ಬಹಳ ಹೊತ್ತು ನೋಡಿದರು, ಆಮೇಲೆ ಅವರ ಮುಖ ಅರಳಿತು.

"ಮುಂದಿನ ವರದಿಗೆ ಸೇರಿಸಿ. ಕೊಡಗಳ ಸದ್ದಿನಿಂದ ಅಧಿಕಾರಿಗಳ ನಿದ್ರಾಭಂಗ. ನಾಳೆ ಫೋಟೋ ತೆಗೆಸೋಣ, ಅತ್ತೇನೂ ಕರ್ಕೊಂಡು ಬನ್ನಿ."

"ಬರ್ತಾರೆ ಸಾರ್. ಇನ್ನೆರಡು ಕೊಡ ಜಾಸ್ತಿ ತುಂಬ್ಕೊಂಡು ಹೋಗ್ತೀವಿ."

"ತುಂಬ್ಕೊಳ್ಳಿ, ತುಂಬ್ಕೊಳ್ಳಿ. ಅಂದ ಹಾಗೆ, ಆರನೇ ದರ್ಜೆ ಅಂತ ಇದೆಯಾ ನೋಡಿ."

ಅವಳು ನಿಯಮಾವಳಿ ತೆರೆದು ನೋಡಿದಳು. ಇರಲಿಲ್ಲ. ಟೈಪು ಮಾಡಿ ಸೇರಿಸಿದಳು. ಪ್ರಧಾನ ಕಚೇರಿ ಸಹಿ ಹಾಕಿ ಕಳಿಸಿತು.